ಪ್ರಕಾರಲೋಪವಿಚಾರ: ಜೆನೆರಿಕ್ ವಸ್ತುಗಳ ಎಕ್ಸ್‌ಎಂಎಲ್ ಪರಿವರ್ತನೆಯೂ ಹಾಸನ ಸೀಮೆಯ ಶಾಸನಗಳೂ

೧. ವಿಷಯನಿರ್ದೇಶ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಮಹಾಶಯರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಅಡಕವಾಗಿವೆ. ೧೯೦೨ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಈ ಗ್ರಂಥದಲ್ಲಿ ಬೇಲೂರು, ಅರಸೀಕೆರೆ, ಮಂಜರಾಬಾದು ತಾಲ್ಲೂಕುಗಳ ಶಾಸನಗಳೂ ಸೇರಿವೆ. ಅಲ್ಲಿಯ ಒಂದು ಏರ್ಪಾಡನ್ನು ಮೊದಲು ಗಮನಿಸಬೇಕು. ಶಾಸನಗಳ ಸಂಖ್ಯೆಯು ಸಂಪುಟಕ್ಕೆಲ್ಲ ಒಂದೇ ಸರಣಿಯಾಗಿ ಸಾಗದೆ, ತಾಲ್ಲೂಕು ತಾಲ್ಲೂಕಿಗೂ ಒಂದರಿಂದ ಮತ್ತೆ ಆರಂಭವಾಗುತ್ತದೆ. ಹಾಸನಕ್ಕೊಂದು ಹತ್ತನೆಯ ಶಾಸನವುಂಟು, ಹೊಳೆನರಸೀಪುರಕ್ಕೊಂದುಂಟು, ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ಒಂದೊಂದುಂಟು. ಆದಕಾರಣ "ಐದನೆಯ ಸಂಪುಟದ ಹತ್ತನೆಯ ಶಾಸನ" ಎಂದಷ್ಟೇ ಹೇಳಿದವನು ಏನನ್ನೂ ಹೇಳಿದಂತಾಗಲಿಲ್ಲ. ಗ್ರಂಥವನ್ನು ತೆರೆದಿಟ್ಟುಕೊಂಡಿರುವವರೆಗೆ ಪ್ರಕರಣದ ತಲೆಬರಹವು ತಾಲ್ಲೂಕಿನ ಹೆಸರನ್ನು ಸಾರುತ್ತಿರುವುದರಿಂದ ಬಾಧೆಯಿಲ್ಲ. ಸಂಖ್ಯೆಯನ್ನು ಮಾತ್ರ ಚೀಟಿಯ ಮೇಲೆ ಬರೆದುಕೊಂಡು ಗ್ರಂಥವನ್ನು ಮುಚ್ಚಿದೊಡನೆ ಅದರ ಅರ್ಥವು ಹಾರಿಹೋಗುತ್ತದೆ.

ಈ ಶಾಸನಗಳಂಥ ಸಾಮಗ್ರಿಯನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಅಲ್ಲಿಂದ ಎಕ್ಸ್‌ಎಂಎಲ್ ಎಂಬ ಬರಹದ ರೂಪಕ್ಕೆ ತಂದು ಬಹುಕಾಲ ಕಾಪಾಡಬೇಕೆಂಬ ಪ್ರಯತ್ನವು ಈಚೆಗೆ ದೇಶವಿದೇಶಗಳಲ್ಲಿ ನಡೆದಿದೆ. ಯಂತ್ರದೊಳಗಿನ ವಸ್ತುವು ಬರಹವಾಗಿ ಹೊರಬರುವಾಗ, ಮೇಲೆ ಹೇಳಿದ ಚೀಟಿಗೆ ಒದಗಿದ ಗತಿಯೇ ಅದಕ್ಕೂ ಒದಗುವುದುಂಟು. ಕ್ರಮವಿಧಿಗಳನ್ನು ಬರೆಯುವವರು ಇದನ್ನು ಜೆನೆರಿಕ್ ಪ್ರಕಾರಗಳ ತೊಡಕೆಂದು ಕರೆಯುತ್ತಾರೆ. ಇದರ ಪರಿಹಾರಕ್ಕೆಂದು ರೂಢಿಯಲ್ಲಿರುವ ಮಾರ್ಗಗಳು ಹಲವು. ಅವುಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದನ್ನು ನಮ್ಮ ಸೀಮೆಯ ಶಾಸನಗಳನ್ನೇ ಉದಾಹರಣೆಯಾಗಿಟ್ಟುಕೊಂಡು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪದಾರ್ಥನಿರೂಪಣೆ

ಎಕ್ಸ್‌ಎಂಎಲ್ ಎಂಬುದು ೧೯೯೮ನೆಯ ಫೆಬ್ರುವರಿ ೧೦ರಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಮಂಡಲಿಯು ಅಂಗೀಕರಿಸಿದ ಬರಹಪದ್ಧತಿ. ಇದರಲ್ಲಿ ಪಠ್ಯದ ಪ್ರತಿಯೊಂದು ಭಾಗಕ್ಕೂ ಆದಿಯಲ್ಲಿಯೂ ಅಂತ್ಯದಲ್ಲಿಯೂ ಕೋನಚಿಹ್ನೆಗಳ ನಡುವೆ ಒಂದು ಹೆಸರನ್ನು ಬರೆಯುತ್ತಾರೆ. ಹೆಸರಿನ ಮಗ್ಗುಲಲ್ಲಿ, ಬೇಕಾದರೆ, ಒಂದೆರಡು ವಿಶೇಷಣಗಳನ್ನು ಇಡಬಹುದು. ಭಾಗದೊಳಗೆ ಭಾಗ, ಅದರೊಳಗೆ ಮತ್ತೊಂದು ಭಾಗ, ಹೀಗೆ ಪಾತ್ರೆಯೊಳಗಿನ ಪಾತ್ರೆಯಂತೆ ಬರಹವು ಅಡಕವಾಗಿರುತ್ತದೆ. ಮನುಷ್ಯರೂ ಓದಬಲ್ಲರು, ಯಂತ್ರವೂ ಓದಬಲ್ಲದು. ಹೆಸರುಗಳು ಕನ್ನಡ ಲಿಪಿಯಲ್ಲಿಯೇ ಇರಬಹುದೆಂಬುದು ನಮಗೆ ವಿಶೇಷ ಸಂತೋಷದ ಮಾತು. ಆದರೆ ಹೆಸರಿನಲ್ಲಿ ಯಾವ ಅಕ್ಷರ ಬರಬಹುದು, ಯಾವುದು ಬರಕೂಡದು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮವುಂಟು. ಅದರ ಫಲವನ್ನು ಮುಂದೆ ನೋಡುವೆವು.

ಇನ್ನು ಜೆನೆರಿಕ್ ಪ್ರಕಾರ. ಇದನ್ನು ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ತಿಳಿಸುವುದು ಸುಲಭ. "ಗಳು" ಎಂಬ ಬಹುವಚನ ಪ್ರತ್ಯಯವನ್ನು ತೆಗೆದುಕೊಳ್ಳೋಣ. ಅದು ತಾನಾಗಿ ಯಾವ ವಸ್ತುವನ್ನೂ ಹೇಳುವುದಿಲ್ಲ. ಯಾವ ಪ್ರಕೃತಿಗೆ ಹತ್ತಿದರೆ ಅದರ ಅನೇಕತ್ವವನ್ನು ಹೇಳುತ್ತದೆ. ಮರಗಳು, ಕೆರೆಗಳು, ಶಾಸನಗಳು ಎಂಬಲ್ಲಿ ಪ್ರತ್ಯಯ ಒಂದೇ, ಪ್ರಕೃತಿ ಬೇರೆ ಬೇರೆ. ಯಂತ್ರಭಾಷೆಗಳಲ್ಲಿ "ಲಿಸ್ಟ್" ಎಂಬ ಪಟ್ಟಿಯ ಪ್ರಕಾರವು ಹೀಗೆಯೇ. ಅದು ಏನನ್ನು ಬೇಕಾದರೂ ತುಂಬಿಕೊಳ್ಳುವ ಪಾತ್ರೆ. ಶಾಸನಗಳ ಪಟ್ಟಿ, ಅರಸರ ಪಟ್ಟಿ, ಊರುಗಳ ಪಟ್ಟಿ ಎಂದು ಅದಕ್ಕೆ ಒಂದು ಒಳಪ್ರಕಾರವನ್ನು ಕೊಟ್ಟಾಗ ಮಾತ್ರ ಅದು ಪೂರ್ಣವಾಗುತ್ತದೆ. ಕೆಲವು ಪಾತ್ರೆಗಳು ಎಲ್ಲವನ್ನೂ ಒಪ್ಪುವುದಿಲ್ಲವೆಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವುಂಟು. "ಅರು" ಎಂಬ ಪ್ರತ್ಯಯವು ಅರಸರು, ಜನರು ಎಂಬಂತೆ ಮನುಷ್ಯವಾಚಕಗಳಿಗೆ ಹತ್ತುತ್ತದೆಯೇ ಹೊರತು ಮರಕ್ಕಾಗಲಿ ಕಲ್ಲಿಗಾಗಲಿ ಹತ್ತದು. ಯಂತ್ರಭಾಷೆಗಳಲ್ಲಿಯೂ ಒಳಪ್ರಕಾರಕ್ಕೆ ಇಂಥ ಎಲ್ಲೆಯನ್ನು ಕಟ್ಟುವ ಪದ್ಧತಿಯಿದೆ.

ಈಗ ಸಂಶಯವು ಸ್ಪಷ್ಟವಾಗುತ್ತದೆ. "ಶಾಸನಗಳು" ಎಂಬ ಪೂರ್ಣವಾದ ಪದವು ಬರಹಕ್ಕೆ ಇಳಿಯುವಾಗ ಪ್ರಕೃತಿಯು ಕಳೆದು "ಗಳು" ಎಂಬುದು ಮಾತ್ರ ಉಳಿದರೆ ಓದುವವನು ಏನು ಮಾಡಬೇಕು? ಒಳಪ್ರಕಾರವನ್ನು ಬರೆಯಬೇಕೇ ಬೇಡವೇ? ಬರೆಯುವುದಾದರೆ ಎಲ್ಲಿ, ಯಾರ ಮಾತಿನಲ್ಲಿ?

೩. ಪೂರ್ವಪಕ್ಷಗಳು

(ಅ) ಲೋಪಪಕ್ಷ. ಜಾವಾ ಎಂಬ ಭಾಷೆಗೆ ೨೦೦೪ರಲ್ಲಿ ಜೆನೆರಿಕ್ ಪ್ರಕಾರಗಳನ್ನು ಸೇರಿಸಿದಾಗ, ಹಳೆಯ ಕ್ರಮವಿಧಿಗಳು ಕೆಡದೆ ನಡೆಯಬೇಕೆಂಬ ಕಾರಣದಿಂದ, ಒಳಪ್ರಕಾರವನ್ನು ಪರಿಶೀಲನೆಯ ಹಂತದಲ್ಲಿ ಉಪಯೋಗಿಸಿ ಆಮೇಲೆ ಅಳಿಸಿಬಿಡುವ ನಿಯಮವನ್ನು ಮಾಡಿದರು. ಕ್ರಮವಿಧಿಯು ಓಡುತ್ತಿರುವಾಗ ಪಟ್ಟಿಯು ಬರಿಯ ಪಟ್ಟಿ. ಅದು ಶಾಸನಗಳದೋ ಊರುಗಳದೋ ಎಂದು ಆ ಪಟ್ಟಿಯನ್ನೇ ಕೇಳಿದರೆ ಉತ್ತರವಿಲ್ಲ. ಪರಿವರ್ತಕದ ಕೈಗೆ ಇಂಥ ಪಟ್ಟಿಯೊಂದನ್ನೇ ಕೊಟ್ಟರೆ ಅದು ಏನನ್ನು ಬರೆಯಬೇಕೆಂದು ತಿಳಿಯದೆ ತಡವರಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು. ಪಟ್ಟಿಯು ಒಂದು ವರ್ಗದ ಅಂಗವೆಂದು ಘೋಷಿತವಾಗಿದ್ದರೆ ಆ ಘೋಷಣೆಯಲ್ಲಿ ಒಳಪ್ರಕಾರದ ಗುರುತು ಉಳಿದಿರುತ್ತದೆ. ಪರಿವರ್ತಕವು ಅದನ್ನು ಓದಿಕೊಳ್ಳಬಲ್ಲದು. ಪಟ್ಟಿಯು ಒಂಟಿಯಾಗಿ ಬಂದಾಗಲೇ ತೊಂದರೆ. ರೈಸ್ ಮಹಾಶಯರ ಸಂಪುಟದಲ್ಲಿ ತಲೆಬರಹವು ತಾಲ್ಲೂಕನ್ನು ಹೇಳುತ್ತದೆ, ಕಿತ್ತುಕೊಂಡ ಚೀಟಿಯು ಹೇಳುವುದಿಲ್ಲ ಎಂದೆವಲ್ಲ, ಅದೇ ನ್ಯಾಯ.

ಈ ಪಕ್ಷದವರು ಪಾಣಿನಿಯನ್ನೇ ಸಾಕ್ಷಿಗೆ ಕರೆಯಬಹುದು. ಅಷ್ಟಾಧ್ಯಾಯಿಯಲ್ಲಿ ಇತ್ಸಂಜ್ಞಕ ವರ್ಣಗಳು ತಮ್ಮ ಕೆಲಸವನ್ನು ಸೂಚಿಸಿ ಕಾಣದೆ ಹೋಗುತ್ತವೆ. ಪ್ರತ್ಯಯವು ಲೋಪವಾದರೂ ಅದನ್ನು ನಿಮಿತ್ತವಾಗಿಟ್ಟುಕೊಂಡ ಕಾರ್ಯವು ನಡೆಯುತ್ತದೆಂದು ಮೊದಲನೆಯ ಅಧ್ಯಾಯದ ಮೊದಲನೆಯ ಪಾದದ ೬೨ನೆಯ ಸೂತ್ರವು ವಿಧಿಸುತ್ತದೆ. ಲೋಪವೆಂದರೆ ಅದರ್ಶನವೇ ಹೊರತು ನಾಶವಲ್ಲ. ಹಾಗಾದರೆ ಒಳಪ್ರಕಾರವು ಕಾಣದೆ ಹೋದರೇನು ಎಂಬುದು ಅವರ ಆಕ್ಷೇಪ.

ಸಮಾಧಾನ ಹೇಗೆಂದರೆ: ಪಾಣಿನೀಯದಲ್ಲಿ ಲುಪ್ತವಾದುದನ್ನು ಸ್ಮರಿಸುವುದಕ್ಕೆ ಶಾಸ್ತ್ರವೇ ಪಕ್ಕದಲ್ಲಿ ನಿಂತಿರುತ್ತದೆ. ಪ್ರಕ್ರಿಯೆಯನ್ನು ಬಲ್ಲವನು ಕಾಣದ ಪ್ರತ್ಯಯವನ್ನು ಕಂಡಂತೆಯೇ ಉಪಯೋಗಿಸುತ್ತಾನೆ. ಜಾವಾದಲ್ಲಿಯೂ, ಕ್ರಮವಿಧಿಯ ಒಳಗಡೆ, ಅದನ್ನು ಪರಿಶೀಲಿಸಿದ ಯಂತ್ರವೇ ಒಳಪ್ರಕಾರಕ್ಕೆ ಹೊಣೆಯಾಗಿ ನಿಲ್ಲುವುದರಿಂದ ಲೋಪವು ಬಾಧಕವಲ್ಲ. ಆದರೆ ಎಕ್ಸ್‌ಎಂಎಲ್ ಬರಹವು ಕ್ರಮವಿಧಿಯನ್ನು ಬಿಟ್ಟು ಹೊರಡುವ ಪ್ರಯಾಣಿಕ. ಅದನ್ನು ಮತ್ತೊಂದು ಭಾಷೆಯ ಕ್ರಮವಿಧಿಯು, ಮತ್ತೊಂದು ದೇಶದ ವಿದ್ವಾಂಸನು, ಐವತ್ತು ವರ್ಷಗಳಾಚೆಯ ವಿದ್ಯಾರ್ಥಿಯು ಓದಬೇಕಾಗಿದೆ. ಅವರ ಬಳಿ ಆ ಶಾಸ್ತ್ರವಿಲ್ಲ. ಆದ್ದರಿಂದ ಲೋಪವು ಶಾಸ್ತ್ರದೊಳಗೆ ಗುಣ. ಶಾಸ್ತ್ರದಿಂದ ಹೊರಬಿದ್ದಲ್ಲಿ ದೋಷ. ಈ ವಿಮರ್ಶೆಯ ಮಿಕ್ಕ ಮಾತೆಲ್ಲ ಈ ಒಂದು ಮಾತಿನ ವಿಸ್ತಾರವೇ.

(ಆ) ಸಮಾಸಪಕ್ಷ. ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್ ಏರ್ಪಾಡಿನಲ್ಲಿ ೨೦೦೫ರಿಂದ ಜೆನೆರಿಕ್ ಪ್ರಕಾರಗಳುಂಟು. ಅಲ್ಲಿ ಒಳಪ್ರಕಾರವು ಅಳಿಯದೆ ಓಟದ ಕಾಲದಲ್ಲಿಯೂ ಉಳಿದಿರುತ್ತದೆ. ಇದು ಜಾವಾದ ಕ್ರಮಕ್ಕಿಂತ ಮೇಲೆಂಬುದರಲ್ಲಿ ವಿವಾದವಿಲ್ಲ. ಆದರೆ ಬರಹಕ್ಕೆ ಇಳಿಸುವಾಗ ಬೇರೊಂದು ಅಡ್ಡಿ ಬರುತ್ತದೆ. ಸಿ-ಶಾರ್ಪ್ ಭಾಷೆಯಲ್ಲಿ ಒಳಪ್ರಕಾರವನ್ನು ಬರೆಯುವುದೇ ಕೋನಚಿಹ್ನೆಗಳ ನಡುವೆ. ಎಕ್ಸ್‌ಎಂಎಲ್‌ನಲ್ಲಿ ಕೋನಚಿಹ್ನೆಗೆ ಬೇರೆ ಅಧಿಕಾರವಿರುವುದರಿಂದ ಅದು ಹೆಸರಿನೊಳಗೆ ಬರಕೂಡದು. ಇದಕ್ಕಾಗಿ ಅಲ್ಲಿಯ ಪರಿವರ್ತಕಗಳು ಪಾತ್ರೆಯ ಹೆಸರನ್ನೂ ಒಳಪ್ರಕಾರದ ಹೆಸರನ್ನೂ ಕೂಡಿಸಿ ಒಂದು ಸಮಾಸಪದವನ್ನು ಮಾಡುತ್ತವೆ. ಅಕ್ಷರಮಾಲೆಗಳ ಪಟ್ಟಿಯನ್ನು ಕೊಟ್ಟರೆ "ಅರೇಆಫ್‌ಸ್ಟ್ರಿಂಗ್" ಎಂಬ ಹೆಸರು ಹುಟ್ಟುತ್ತದೆ. ಅದೇ ಏರ್ಪಾಡಿನ ಮತ್ತೊಂದು ಪರಿವರ್ತಕವು, ಒಂದೇ ಹೆಸರಿನ ಎರಡು ಒಳಪ್ರಕಾರಗಳು ಬೇರೆ ಬೇರೆ ಕಡೆ ಇರಬಹುದೆಂಬ ಶಂಕೆಯಿಂದ, ಸಮಾಸದ ಬಾಲಕ್ಕೆ ಅರ್ಥವಿಲ್ಲದ ಅಕ್ಷರಗಳ ಗೊಂಚಲೊಂದನ್ನು ಕಟ್ಟುವುದೂ ಉಂಟು.

ಇಲ್ಲಿ ದೋಷವು ಎರಡು ಬಗೆ. ಮೊದಲನೆಯದು, ಸಮಾಸವನ್ನು ವಿಗ್ರಹಿಸುವ ನಿಯಮವು ಬರಹದಲ್ಲಿ ಇಲ್ಲ. ಆ ಹೆಸರು ಎಕ್ಸ್‌ಎಂಎಲ್‌ನ ದೃಷ್ಟಿಯಲ್ಲಿ ಅಖಂಡವಾದ ಒಂದು ಪದ. ಅದರಲ್ಲಿ ಪೂರ್ವಪದವೆಷ್ಟು, ಉತ್ತರಪದವೆಷ್ಟು ಎಂದು ಬೇರೆ ಓದುಗನಿಗೆ ತಿಳಿಯದು. ಎರಡನೆಯದು, ಆ ಹೆಸರು ಕ್ರಮವಿಧಿಕಾರನು ತನ್ನ ಅನುಕೂಲಕ್ಕಾಗಿ ಇಟ್ಟುಕೊಂಡ ವರ್ಗದ ಹೆಸರಿನ ಮೇಲೆ ನಿಂತಿದೆ. ಅವನು ನಾಳೆ ವರ್ಗದ ಹೆಸರನ್ನು ಬದಲಾಯಿಸಿದರೆ ನಿನ್ನೆಯ ಬರಹವು ಅನಾಥವಾಗುತ್ತದೆ. ಊರುಗಳ ಹೆಸರೂ ಹೀಗೆಯೇ ಬದಲಾಗುವುದನ್ನು ಕಂಡಿದ್ದೇವೆ: ೧೯೦೨ರ ಸಂಪುಟದಲ್ಲಿ ಮಂಜರಾಬಾದು ಎಂದಿರುವ ತಾಲ್ಲೂಕು ಈಗ ಸಕಲೇಶಪುರ. ಆದರೆ ಅಲ್ಲಿ ಬದಲಾವಣೆಗೆ ದಾಖಲೆಯುಂಟು. ಕ್ರಮವಿಧಿಯ ವರ್ಗದ ಹೆಸರಿಗೆ ಗೆಜೆಟ್ಟಿನ ಪ್ರಕಟಣೆ ಇರುವುದಿಲ್ಲ.

(ಇ) ವ್ಯಕ್ತಿಪಕ್ಷ. ಮೂರನೆಯವರು ಪಾತ್ರೆಯ ಹೆಸರಿನ ಗೊಡವೆಗೇ ಹೋಗುವುದಿಲ್ಲ. ಪಾತ್ರೆಯೊಳಗಿರುವ ಪ್ರತಿಯೊಂದು ವ್ಯಕ್ತಿಗೂ ಅದರದರ ಪ್ರಕಾರವನ್ನು ಬರೆದುಬಿಟ್ಟರೆ ಸಾಕು, ಪಟ್ಟಿಯ ಪ್ರಕಾರವು ತಾನಾಗಿ ತಿಳಿಯುತ್ತದೆ ಎಂದು ಇವರ ಮತ. ೨೦೦೧ರಲ್ಲಿ ಅಂಗೀಕೃತವಾದ ಎಕ್ಸ್‌ಎಂಎಲ್ ಸ್ಕೀಮಾ ಎಂಬ ಲಕ್ಷಣಗ್ರಂಥವು ಪ್ರತಿಯೊಂದು ಭಾಗಕ್ಕೂ "ಟೈಪ್" ಎಂಬ ವಿಶೇಷಣವನ್ನು ಹಚ್ಚುವುದಕ್ಕೆ ಅನುಮತಿಯಿತ್ತಿದೆ. ಜಾವಾದಲ್ಲಿ ಬಳಕೆಯಲ್ಲಿರುವ ಎಕ್ಸ್‌ಸ್ಟ್ರೀಮ್ ಎಂಬ ಪರಿವರ್ತಕವು ಪಟ್ಟಿಯೊಳಗಿನ ಒಂದೊಂದು ವಸ್ತುವಿಗೂ ಅದರ ವರ್ಗದ ಹೆಸರನ್ನೇ ಅಂಕಿತವಾಗಿ ಇಡುತ್ತದೆ.

ಮಹಾಭಾಷ್ಯವನ್ನು ಓದಿದವರಿಗೆ ಇಲ್ಲಿ ಹಳೆಯ ವಾದವೊಂದು ನೆನಪಿಗೆ ಬರುವುದು ಸಹಜ. ಶಬ್ದವು ದ್ರವ್ಯವನ್ನು, ಎಂದರೆ ಬಿಡಿಯಾದ ವ್ಯಕ್ತಿಯನ್ನು, ಹೇಳುತ್ತದೆಂದು ವ್ಯಾಡಿಯ ಮತ. ಆಕೃತಿಯನ್ನು ಹೇಳುತ್ತದೆಂದು ವಾಜಪ್ಯಾಯನನ ಮತ. ಏಕಶೇಷಪ್ರಕರಣದಲ್ಲಿ, ಅನೇಕ ವೃಕ್ಷಗಳಿಗೆ ಒಂದೇ ವೃಕ್ಷಶಬ್ದವು ಸಾಕಾಗುವುದು ಹೇಗೆಂಬ ಪ್ರಶ್ನೆಯಿಂದ ಈ ಚರ್ಚೆಯು ಬೆಳೆದಿದೆ. ಪಟ್ಟಿಗೆ ಒಂದೇ ಹೆಸರೋ ವ್ಯಕ್ತಿಗೊಂದು ಹೆಸರೋ ಎಂಬ ಇಂದಿನ ಪ್ರಶ್ನೆಯೂ ಅದೇ ಮನೆತನದ್ದು.

ವ್ಯಕ್ತಿಪಕ್ಷವು ಬಹುಮಟ್ಟಿಗೆ ಯುಕ್ತವಾಗಿ ತೋರಿದರೂ ಒಂದು ಸ್ಥಳದಲ್ಲಿ ಪೂರ್ತಿಯಾಗಿ ಮುರಿದುಬೀಳುತ್ತದೆ. ಪಟ್ಟಿಯು ಬರಿದಾಗಿದ್ದರೆ ಗತಿಯೇನು? ವ್ಯಕ್ತಿಯೇ ಇಲ್ಲದಲ್ಲಿ ವ್ಯಕ್ತಿಗೆ ಹಚ್ಚುವ ಅಂಕಿತವೂ ಇಲ್ಲ. ಎಕ್ಸ್‌ಸ್ಟ್ರೀಮ್ ಪರಿವರ್ತಕವು ಬರಿದಾದ ಪಟ್ಟಿಗೆ "ಲಿಸ್ಟ್" ಎಂಬ ಹೆಸರೊಂದನ್ನು ಬರೆದು ಕೈತೊಳೆದುಕೊಳ್ಳುತ್ತದೆ. ಉದಾಹರಣೆಗೆ, ಒಂದು ತಾಲ್ಲೂಕಿನಲ್ಲಿ ಸಮೀಕ್ಷೆ ನಡೆಸಿದವರಿಗೆ ಒಂದಾದರೂ ತಮಿಳು ಶಾಸನ ದೊರೆಯಲಿಲ್ಲವೆಂದು ಭಾವಿಸಿರಿ. "ತಮಿಳು ಶಾಸನಗಳು: ಯಾವುದೂ ಇಲ್ಲ" ಎಂಬುದು ಚೋಳರ ಆಳ್ವಿಕೆಯ ಎಲ್ಲೆಯನ್ನು ವಿಚಾರಿಸುವವನಿಗೆ ಬೆಲೆಯುಳ್ಳ ಜ್ಞಾನ. "ಯಾವುದೋ ಪಟ್ಟಿ: ಯಾವುದೂ ಇಲ್ಲ" ಎಂಬುದು ಜ್ಞಾನವೇ ಅಲ್ಲ. ನೈಯಾಯಿಕರು ಅಭಾವಕ್ಕೆ ಪ್ರತಿಯೋಗಿಯು ಅವಶ್ಯವೆಂದು ಹೇಳುವುದು ಇದಕ್ಕಾಗಿಯೇ. ಘಟವು ಇಲ್ಲವೆಂದರೆ ಅರ್ಥವುಂಟು. ಬರಿದೆ "ಇಲ್ಲ" ಎಂದರೆ ಏನು ಇಲ್ಲವೆಂಬ ಆಕಾಂಕ್ಷೆಯು ಉಳಿದೇ ಉಳಿಯುತ್ತದೆ. ತರ್ಕಸಂಗ್ರಹವನ್ನು ಮುಗಿಸಿದ ಬಾಲಕನೂ ಬಲ್ಲ ಈ ಮಾತನ್ನು ಪರಿವರ್ತಕಗಳನ್ನು ರಚಿಸಿದವರು ಗಮನಿಸದಿರುವುದು ಆಶ್ಚರ್ಯ.

ಈ ಪಕ್ಷಕ್ಕೆ ಅಪಾಯವೊಂದೂ ಅಂಟಿಕೊಂಡಿದೆ. ವರ್ಗದ ಹೆಸರನ್ನೇ ಬರಹದಲ್ಲಿ ಬರೆದು, ಓದುವಾಗ ಆ ಹೆಸರಿನ ವರ್ಗವನ್ನು ಹಾಗೆಯೇ ಸೃಷ್ಟಿಸಿಕೊಳ್ಳುವುದೆಂದರೆ, ಬರಹವನ್ನು ಕಳುಹಿಸಿದವನು ಹೇಳಿದುದನ್ನೆಲ್ಲ ಯಂತ್ರವು ಮಾಡುವುದೆಂದೇ ಅರ್ಥ. ದುಷ್ಟನು ತನಗೆ ಬೇಕಾದ ವರ್ಗದ ಹೆಸರನ್ನು ಬರೆದು ಕಳುಹಿಸಿ, ಓದುವವನ ಯಂತ್ರದಲ್ಲಿ ತನ್ನ ಆಜ್ಞೆಗಳನ್ನು ನಡೆಸಬಹುದೆಂಬುದು ಎಕ್ಸ್‌ಸ್ಟ್ರೀಮ್ ವಿಷಯದಲ್ಲಿ ೨೦೧೩ರಲ್ಲಿ ಬಯಲಾಯಿತು. ಆಮೇಲೆ ಅದರ ಕರ್ತರು, ಒಪ್ಪಿದ ಹೆಸರುಗಳ ಪಟ್ಟಿಯಲ್ಲಿರುವ ವರ್ಗಗಳನ್ನು ಮಾತ್ರ ಸೃಷ್ಟಿಸುವಂತೆ ಕಟ್ಟುಮಾಡುವ ಸೌಕರ್ಯವನ್ನು ಒದಗಿಸಿದರು. ಅಪರಿಚಿತನು ಹೇಳಿದ ಹೆಸರಿಗೆಲ್ಲ ಮನೆಯ ಬಾಗಿಲನ್ನು ತೆರೆಯುವುದು ವಿವೇಕವಲ್ಲ.

(ಈ) ರೂಢಿಪಕ್ಷ. ವೃತ್ತಿನಿರತರಾದ ಕ್ರಮವಿಧಿಕಾರರು ಸಾಧಾರಣವಾಗಿ ಕೊಡುವ ಸಲಹೆ ಬೇರೆ. ಜೆನೆರಿಕ್ ಪಾತ್ರೆಯನ್ನು ಹಾಗೆಯೇ ಪರಿವರ್ತಿಸಬೇಡಿರಿ. ಅದನ್ನು ಒಳಗಿಟ್ಟುಕೊಂಡ, ನಿಶ್ಚಿತ ಹೆಸರಿನ ಒಂದು ವರ್ಗವನ್ನು ಮಾಡಿ ಅದನ್ನು ಪರಿವರ್ತಿಸಿರಿ ಎಂದು. ಇದು "ಮರಗಳು" ಎನ್ನುವ ಬದಲು "ವನ" ಎಂದಂತೆ. ವನವೆಂಬುದು ರೂಢಿಶಬ್ದ, ಅದರಲ್ಲಿ ಪ್ರಕೃತಿಪ್ರತ್ಯಯಗಳನ್ನು ಬಿಡಿಸುವ ಕ್ಲೇಶವಿಲ್ಲ. ಜಾವಾದಲ್ಲಿಯೂ ಇಂಥ ವರ್ಗದ ಘೋಷಣೆಯಲ್ಲಿ ಒಳಪ್ರಕಾರವು ಅಳಿಯದೆ ಉಳಿಯುತ್ತದೆಂಬುದು ಇದರ ಬಲ. ಬರಿದಾದ ವನವೂ ವನದ ಹೆಸರಿನಿಂದಲೇ ಕರೆಯಲ್ಪಡುವುದರಿಂದ ಮೇಲೆ ಹೇಳಿದ ಅಭಾವದೋಷವೂ ಇಲ್ಲ.

ನಾಲ್ಕು ಪಕ್ಷಗಳಲ್ಲಿ ಇದೇ ಸಿದ್ಧಾಂತಕ್ಕೆ ಸಮೀಪವಾದುದು. ಆದರೆ ಒಂದೊಂದು ಬಗೆಯ ಪಟ್ಟಿಗೂ ಒಂದೊಂದು ರೂಢಿನಾಮವನ್ನು ಕಲ್ಪಿಸುತ್ತ ಹೋದರೆ ಹೆಸರುಗಳ ಸಂಖ್ಯೆಗೆ ಮಿತಿಯಿರುವುದಿಲ್ಲ. ತಾಲ್ಲೂಕಿಗೊಂದು, ಭಾಷೆಗೊಂದು, ಶಾಸನದ ಬಗೆಗೊಂದು ಎಂದು ಹೆಚ್ಚಿಸಿದರೆ ಗೌರವದೋಷವು ಬರುತ್ತದೆ. ಲಾಘವಕ್ಕಾಗಿ ಹುಟ್ಟಿದ ಜೆನೆರಿಕ್ ಪ್ರಕಾರದ ಪ್ರಯೋಜನವೇ ಅಲ್ಲಿಗೆ ಕೆಟ್ಟಂತಾಯಿತು.

೪. ಶಾಸನಗಳಲ್ಲಿ ಪರೀಕ್ಷೆ

ಸಿದ್ಧಾಂತವನ್ನು ಹೇಳುವ ಮುನ್ನ ಲಕ್ಷ್ಯವನ್ನು ಕಣ್ಣಮುಂದೆ ತಂದುಕೊಳ್ಳುವುದು ಒಳ್ಳೆಯದು. ಶಾಸನವೆಂಬುದು ಒಂದೇ ಬಗೆಯ ವಸ್ತುವಲ್ಲ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ ವಿಷ್ಣುವರ್ಧನನ ಕಾಲದಲ್ಲಿ, ೧೧೧೩ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಲಕ್ಷ್ಮೀದೇವಿಯ ಗುಡಿಯನ್ನು ಕಟ್ಟಿಸಿದುದನ್ನು ಹೇಳುವ ಶಾಸನವು ಒಂದು ಬಗೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಯ ಗೋಡೆಗಳ ಮೇಲೆ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳು ತಮ್ಮ ಕೆಲಸದ ಕೆಳಗೆ ಕೆತ್ತಿಕೊಂಡ ಅಂಕಿತಗಳು ಮತ್ತೊಂದು ಬಗೆ. ಮೊದಲನೆಯದರಲ್ಲಿ ಅರಸು, ಕಾಲ, ದಾನಿ, ದೇವರು, ದತ್ತಿ ಎಂಬ ಅಂಗಗಳುಂಟು; ಎರಡನೆಯದರಲ್ಲಿ ಹೆಸರೊಂದೇ. ಕೊಂಗಾಳ್ವರು ಆಳಿದ ಅರಕಲಗೂಡಿನ ಸೀಮೆಯಲ್ಲಿಯೂ, ಹೇಮಾವತಿಯ ದಡದ ಹೊಳೆನರಸೀಪುರದ ಸೀಮೆಯಲ್ಲಿಯೂ ಶಾಸನಗಳ ಪಟ್ಟಿಯನ್ನು ಮಾಡುವವನಿಗೆ ಇದೇ ನಾನಾತ್ವವು ಎದುರಾಗುತ್ತದೆ. ಇವನ್ನೆಲ್ಲ "ಶಾಸನಗಳು" ಎಂಬ ಒಂದೇ ಪಾತ್ರೆಯಲ್ಲಿ ಹಾಕಿ ಬರೆಯಹೊರಟರೆ, ಡಾಟ್‌ನೆಟ್‌ನ ಹಳೆಯ ಪರಿವರ್ತಕವು, ತನಗೆ ಮುಂಚಿತವಾಗಿ ತಿಳಿಸದ ಉಪಪ್ರಕಾರವು ಎದುರಾದೊಡನೆ, ಬರೆಯಲಾರೆನೆಂದು ನಿಂತುಬಿಡುತ್ತದೆ. ಇದು ಒರಟಾಗಿ ತೋರಿದರೂ ಮೆಚ್ಚತಕ್ಕ ನಡತೆಯೇ. ತಿಳಿಯದುದನ್ನು ತಿಳಿದಂತೆ ಬರೆಯುವುದಕ್ಕಿಂತ ಮೌನವು ಲೇಸು.

ಒಳಪ್ರಕಾರವು ಒಂದಕ್ಕಿಂತ ಹೆಚ್ಚಾಗಿರುವುದೂ ಉಂಟು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯ ಕಾಲ ಬಳಿ, ಚಾವುಂಡರಾಯನು ಅದನ್ನು ಮಾಡಿಸಿದನೆಂದು ತಿಳಿಸುವ ಬರಹವು ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿದೆ. ತಮಿಳು ಬರಹವು ಗ್ರಂಥ ಮತ್ತು ವಟ್ಟೆಳುತ್ತು ಲಿಪಿಗಳಲ್ಲಿಯೂ ಮರಾಠಿಯದು ನಾಗರಿಯಲ್ಲಿಯೂ ಇವೆ. ಇಲ್ಲಿ ಭಾಷೆಯೊಂದು ಒಳಪ್ರಕಾರ, ಲಿಪಿಯೊಂದು ಒಳಪ್ರಕಾರ. ಒಂದರಿಂದ ಇನ್ನೊಂದನ್ನು ಊಹಿಸಲಾಗದು. ಎರಡನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು.

ಸಂಖ್ಯೆಗಳ ವಿಷಯದಲ್ಲಿಯೂ ಹೀಗೆಯೇ. ಶ್ರವಣಬೆಳಗೊಳವು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಇದ್ದರೂ ಅದರ ಶಾಸನಗಳು ಐದನೆಯ ಸಂಪುಟದಲ್ಲಿಲ್ಲ. ಅವಕ್ಕಾಗಿ ಎರಡನೆಯ ಸಂಪುಟವೇ ಮೀಸಲಾಗಿದೆ. ೧೮೮೯ರಲ್ಲಿ ರೈಸ್ ಮಹಾಶಯರು ಪ್ರಕಟಿಸಿದಾಗ ಅಲ್ಲಿದ್ದ ಶಾಸನಗಳು ೧೪೪, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ೫೦೦. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಹೊರತಂದಾಗ ೫೭೩. ಸರಣಿಯು ಬೆಳೆದಂತೆ ಸಂಖ್ಯೆಗಳೂ ಜರುಗಿದುವು. ಆದುದರಿಂದ ಶಾಸನಸಂಖ್ಯೆಯೆಂಬುದು ಬರಿಯ ಸಂಖ್ಯೆಯಲ್ಲ. ಆವೃತ್ತಿ, ಸ್ಥಳವಿಭಾಗ ಎಂಬ ಎರಡು ಒಳಪ್ರಕಾರಗಳನ್ನು ಬೇಡುವ ಪಾತ್ರೆ. ಇವೆರಡೂ ಕಳೆದ ಸಂಖ್ಯೆಯನ್ನು ನೂರಾರು ಲೇಖನಗಳಿಂದ ಆಯ್ದು ಯಂತ್ರದಲ್ಲಿ ತುಂಬಿದರೆ, ಬೇರೆ ಬೇರೆ ಕಲ್ಲುಗಳು ಒಂದೇ ಆಗಿ, ಒಂದೇ ಕಲ್ಲು ಎರಡಾಗಿ ತೋರುತ್ತವೆ. ಅಂಥ ಸಾಮಗ್ರಿಯಿಂದ ಅರಸರ ಕಾಲವನ್ನು ನಿರ್ಣಯಿಸಹೊರಟವನ ಶ್ರಮವು ಮರಳಿನ ಮೇಲಿನ ಮನೆ. ಯಂತ್ರವು ಲೆಕ್ಕದಲ್ಲಿ ತಪ್ಪುವುದಿಲ್ಲವೆಂಬ ನಂಬುಗೆಯು ಜನರಲ್ಲಿ ಬಲವಾಗಿರುವುದರಿಂದ ಈ ತಪ್ಪು ಬೇಗನೆ ಹೊರಬೀಳುವುದೂ ಇಲ್ಲ.

ಇಲ್ಲಿ ಕುತೂಹಲಕರವಾದ ಸಂಗತಿಯೊಂದುಂಟು. ಎಕ್ಸ್‌ಎಂಎಲ್‌ನಲ್ಲಿ ಭಾಗವೊಂದಕ್ಕೆ ಕೊಡುವ ಗುರುತಿನ ಹೆಸರು ಇಂಗ್ಲಿಷ್ ಅಂಕಿಯಿಂದ ಆರಂಭವಾಗುವಂತಿಲ್ಲ. ೨೦೦೮ರ ಐದನೆಯ ಆವೃತ್ತಿಯ ಅಕ್ಷರಪಟ್ಟಿಯಲ್ಲಿ ಕನ್ನಡ ಅಂಕಿಗೆ ಈ ತಡೆಯಿಲ್ಲವಾದರೂ ಹಿಂದಿನ ಆವೃತ್ತಿಗಳು ಅದನ್ನೂ ತಡೆಯುತ್ತಿದ್ದುವು. ಹೀಗಾಗಿ ಬರಿಯ ಸಂಖ್ಯೆಯನ್ನು ಗುರುತಾಗಿ ಇಡಹೋದವನು ತಾಲ್ಲೂಕಿನ ಅಕ್ಷರವನ್ನಾದರೂ ಮುಂದಿಡಲೇಬೇಕಾಗುತ್ತದೆ. ತಾಲ್ಲೂಕಿನ ಸಂಕ್ಷೇಪವನ್ನು ಮೊದಲು, ಸಂಖ್ಯೆಯನ್ನು ಆಮೇಲೆ ಬರೆಯುವ ನಮ್ಮ ಶಾಸನಶಾಸ್ತ್ರದ ಹಳೆಯ ಸಂಪ್ರದಾಯಕ್ಕೆ ಈ ಹೊಸ ನಿಯಮವು ತಾನಾಗಿ ಬಂದು ಹೊಂದಿಕೊಂಡಿದೆ.

೫. ಸಿದ್ಧಾಂತ

ಒಳಪ್ರಕಾರವನ್ನು ಬರಹದಲ್ಲಿ ಬರೆಯಲೇಬೇಕು. ಬರೆಯುವುದು ಎಲ್ಲಿ? ಪಾತ್ರೆಯ ಮೇಲೆ, ವಿಶೇಷಣವಾಗಿ. ಪಾತ್ರೆಗೆ "ಶಾಸನಸಮೂಹ" ಎಂಬ ಒಂದೇ ರೂಢಿನಾಮವಿರಲಿ. ಅದರ ಮಗ್ಗುಲಲ್ಲಿ ತಾಲ್ಲೂಕು, ಆವೃತ್ತಿ, ಭಾಷೆ, ಬಗೆ ಎಂಬ ವಿಶೇಷಣಗಳಿರಲಿ. ಇದರಿಂದ ಸಮಾಸಪಕ್ಷದ ಅಖಂಡಪದದೋಷವೂ ರೂಢಿಪಕ್ಷದ ಗೌರವದೋಷವೂ ತಪ್ಪುತ್ತವೆ. ಪಾತ್ರೆಯು ಬರಿದಾಗಿದ್ದರೂ ವಿಶೇಷಣವು ನಿಲ್ಲುವುದರಿಂದ ಅಭಾವಕ್ಕೆ ಪ್ರತಿಯೋಗಿಯು ದೊರೆಯುತ್ತದೆ. ಒಳಗಿನ ವ್ಯಕ್ತಿಯೊಂದು ಪಾತ್ರೆಯ ಸಾಮಾನ್ಯಕ್ಕಿಂತ ವಿಶೇಷವಾಗಿದ್ದರೆ, ಅಲ್ಲಿ ಮಾತ್ರ ಆ ವ್ಯಕ್ತಿಯ ಮೇಲೆ ಅಂಕಿತವನ್ನು ಹಚ್ಚಬೇಕು. ಸಾಮಾನ್ಯವನ್ನು ಒಮ್ಮೆ ಹೇಳಿ ವಿಶೇಷವನ್ನು ಅದರ ಸ್ಥಳದಲ್ಲಿ ಹೇಳುವುದು ಉತ್ಸರ್ಗಾಪವಾದಗಳ ಕ್ರಮ. ನಮ್ಮ ಶಾಸ್ತ್ರಕಾರರು ಇದನ್ನು ಸಾವಿರಾರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಇನ್ನು ಶಾಸನಸಂಖ್ಯೆಯು ಆವೃತ್ತಿಯನ್ನೂ ಸ್ಥಳವಿಭಾಗವನ್ನೂ ಬಿಟ್ಟು ಎಲ್ಲಿಯೂ ಒಂಟಿಯಾಗಿ ಬರಕೂಡದು.

ಯಾರ ಮಾತಿನಲ್ಲಿ ಬರೆಯಬೇಕು? ಕ್ರಮವಿಧಿಯ ವರ್ಗಗಳ ಮಾತಿನಲ್ಲಿ ಅಲ್ಲ. ವಿಷಯವನ್ನು ಬಲ್ಲವರು ಕೂಡಿ ಒಪ್ಪಿದ ಪರಿಭಾಷೆಯಲ್ಲಿ. ಇದಕ್ಕೆ ದೃಷ್ಟಾಂತವುಂಟು. ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್ ಎಂಬ ವಿದ್ವನ್ಮಂಡಲಿಯು ೧೯೮೭ರಲ್ಲಿ ಆರಂಭವಾದಾಗ ಎಕ್ಸ್‌ಎಂಎಲ್ ಇನ್ನೂ ಹುಟ್ಟಿರಲಿಲ್ಲ. ಅದರ ಪರಿಭಾಷೆಯು ಮೊದಲು ಎಸ್‌ಜಿಎಂಎಲ್ ಎಂಬ ಹಿಂದಿನ ಪದ್ಧತಿಯಲ್ಲಿದ್ದು, ೨೦೦೨ರಲ್ಲಿ ಎಕ್ಸ್‌ಎಂಎಲ್‌ಗೆ ಬಂದು, ೨೦೦೭ರಲ್ಲಿ ಐದನೆಯ ಪರಿಷ್ಕರಣವನ್ನು ಕಂಡಿತು. ಲಿಪಿಪದ್ಧತಿಯು ಬದಲಾದರೂ ಪರಿಭಾಷೆಯು ಬಾಳಿತು. ಶಾಸನಗಳಿಗಾಗಿಯೇ ಇದರಿಂದ ಕವಲೊಡೆದ ಎಪಿಡಾಕ್ ಎಂಬ ಕ್ರಮವು ೧೯೯೦ರ ದಶಕದ ಕೊನೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳಿಗೆಂದು ಹುಟ್ಟಿ, ಈಗ ದಕ್ಷಿಣ ಏಷ್ಯದ ಶಾಸನಗಳಿಗೂ ಬಳಕೆಯಾಗುತ್ತಿದೆ. ಕಲ್ಲಿನಲ್ಲಿ ಓದಿದ ಅಕ್ಷರ, ಸಂದೇಹವಾಗಿ ಓದಿದ ಅಕ್ಷರ, ಸಂಪಾದಕನು ಊಹಿಸಿ ತುಂಬಿದ ಅಕ್ಷರ ಎಂಬ ಭೇದಗಳನ್ನು ಅದು ಬೇರೆ ಬೇರೆ ಹೆಸರುಗಳಿಂದ ಕಾಪಾಡುತ್ತದೆ. ೧೯೩೧ರ ಲೈಡನ್ ಸಂಕೇತಗಳು ಆವರಣಚಿಹ್ನೆಗಳಿಂದ ಮಾಡುತ್ತಿದ್ದ ಕೆಲಸವೇ ಇದು.

ಈ ಪರಿಭಾಷೆಯಲ್ಲಿಯೂ ಕುಂದಿಲ್ಲವೆಂದಲ್ಲ. ಬಗೆಯನ್ನು ಹೇಳುವ ವಿಶೇಷಣದಲ್ಲಿ ಯಾವ ಪದವನ್ನು ಬರೆಯಬೇಕೆಂಬುದನ್ನು ಅದು ಬಹುಮಟ್ಟಿಗೆ ಸಂಪಾದಕನಿಗೇ ಬಿಟ್ಟಿದೆ. ಒಬ್ಬನು "ವೀರಗಲ್ಲು" ಎಂದೂ ಇನ್ನೊಬ್ಬನು "ಸ್ಮಾರಕ" ಎಂದೂ ಬರೆದರೆ, ಎರಡೂ ವ್ಯಾಕರಣಶುದ್ಧವಾಗಿದ್ದರೂ ಕೂಡಿಸಿ ಎಣಿಸುವುದಕ್ಕೆ ಬಾರವು. ಒಂದು ಯೋಜನೆಯವರು ಒಪ್ಪತಕ್ಕ ಪದಗಳ ಪಟ್ಟಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬಹುದೆಂದು ಆ ಲಕ್ಷಣಗ್ರಂಥವೇ ಅವಕಾಶವಿತ್ತಿದೆ. ದಾನಶಾಸನ, ವೀರಗಲ್ಲು, ಮಾಸ್ತಿಕಲ್ಲು, ನಿಸಿದಿ, ತಾಮ್ರಪಟ, ರೂವಾರಿಯ ಅಂಕಿತ ಎಂಬ ಪದಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ. ಅವುಗಳ ಲಕ್ಷಣವನ್ನು ಗೊತ್ತುಮಾಡಿ ಪ್ರಕಟಿಸುವ ಹೊಣೆಯು ಯಂತ್ರಜ್ಞರದಲ್ಲ, ಶಾಸನಜ್ಞರದು. ಓದುವ ಕ್ರಮವಿಧಿಯು ಆ ಪಟ್ಟಿಯಲ್ಲಿರುವ ಹೆಸರುಗಳನ್ನು ಮಾತ್ರ ಒಪ್ಪಿ ಮಿಕ್ಕುದನ್ನು ತಿರಸ್ಕರಿಸಿದರೆ, ವ್ಯಕ್ತಿಪಕ್ಷದಲ್ಲಿ ಹೇಳಿದ ಅಪಾಯವೂ ನಿವಾರಣೆಯಾಗುತ್ತದೆ.

ಕನ್ನಡದಲ್ಲಿಯೇ ಹೆಸರುಗಳನ್ನಿಡುವವರಿಗೆ ಒಂದು ಎಚ್ಚರಿಕೆಯ ಮಾತು. ಅನ್ಯದೇಶ್ಯ ಶಬ್ದಗಳ ಕೊನೆಯ ಅರ್ಧಾಕ್ಷರವನ್ನು ಮುಂದಿನ ವ್ಯಂಜನದೊಡನೆ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ನಾವು ಬರಹದಲ್ಲಿ ಬಳಸುತ್ತೇವೆ. ೨೦೦೮ಕ್ಕೆ ಹಿಂದಿನ ಎಕ್ಸ್‌ಎಂಎಲ್ ಆವೃತ್ತಿಗಳಲ್ಲಿ ಇದು ಹೆಸರಿನೊಳಗೆ ನಿಷಿದ್ಧ; ಹಳೆಯ ಸಲಕರಣೆಗಳು ಅಂಥ ಹೆಸರನ್ನು ಕಂಡೊಡನೆ ಬರಹವನ್ನೇ ತಳ್ಳಿಹಾಕಬಹುದು. ಆದ್ದರಿಂದ ಹೆಸರುಗಳಿಗೆ ದೇಶ್ಯ ಅಥವಾ ತತ್ಸಮ ಶಬ್ದಗಳನ್ನು ಆರಿಸುವುದು ಕ್ಷೇಮ.

೬. ಉಪಸಂಹಾರ

ಪರಿವರ್ತಕಗಳನ್ನು ರಚಿಸಿದವರ ಚಾತುರ್ಯವನ್ನು ಈ ವಿಮರ್ಶೆಯು ಅಲ್ಲಗಳೆಯುವುದಿಲ್ಲ. ಅವರ ಗುರಿಯು ಇಂದು ಬರೆದ ವಸ್ತುವನ್ನು ಇಂದೇ, ಅದೇ ಕ್ರಮವಿಧಿಯಿಂದ ಮರಳಿ ಓದುವುದು. ಆ ಗುರಿಗೆ ಅವರ ಉಪಾಯಗಳು ಸಾಕು. ಆದರೆ ಶಾಸನಸಂಗ್ರಹಕಾರನ ಗುರಿ ಬೇರೆ. ಹಾಸನ ತಾಲ್ಲೂಕಿನ ಕೋರವಂಗಲದಲ್ಲಿ ಬೂಚಿರಾಜನು ೧೧೭೩ರಲ್ಲಿ ಕಟ್ಟಿಸಿದ ಬೂಚೇಶ್ವರನ ಗುಡಿಯ ಶಾಸನವನ್ನು ಇಂದು ನಾವು ಓದಬಲ್ಲೆವಾದರೆ, ಅದನ್ನು ಬರೆದವನು ಅರಸು ಯಾರು, ಕಾಲ ಯಾವುದು, ದಾನಿ ಯಾರು, ದತ್ತಿ ಯಾವುದು ಎಂಬುದನ್ನು ಓದುವವನ ಊಹೆಗೆ ಬಿಡದೆ ಆಯಾ ಹೆಸರಿನಿಂದಲೇ ಹೇಳಿದುದು ಅದಕ್ಕೆ ಮುಖ್ಯ ಕಾರಣ. ಕಲ್ಲಿನಲ್ಲಿ ಕೆತ್ತುವವನಿಗೆ ಒಂದೊಂದು ಅಕ್ಷರಕ್ಕೂ ಶ್ರಮವಿತ್ತು. ಆದರೂ ಅವನು ಪ್ರಕಾರವನ್ನು ಲೋಪಮಾಡಲಿಲ್ಲ. ಅಕ್ಷರಕ್ಕೆ ಶ್ರಮವೇ ಇಲ್ಲದ ಯಂತ್ರದಲ್ಲಿ ಬರೆಯುವ ನಾವು ಅದನ್ನು ಲೋಪಮಾಡುವುದಕ್ಕೆ ಕಾರಣವೇ ಇಲ್ಲ. ನಾಲ್ಕು ತಾಲ್ಲೂಕುಗಳ ಶಾಸನಗಳನ್ನು ಈ ಕ್ರಮದಲ್ಲಿ ಬರೆದಿಡಲು ಯಾರಾದರೂ ಕೈಯಿಕ್ಕಿದರೆ, ಮೊದಲನೆಯ ಶಾಸನವನ್ನು ಯಂತ್ರಕ್ಕೆ ಒಪ್ಪಿಸುವ ಮುಂಚೆ ಪರಿಭಾಷೆಯ ಪಟ್ಟಿಯನ್ನು ಸಿದ್ಧಪಡಿಸಿ ವಿದ್ವಾಂಸರ ಪರಿಶೀಲನೆಗೆ ಒಪ್ಪಿಸತಕ್ಕದ್ದೆಂದು ನಮ್ಮ ವಿಜ್ಞಾಪನೆ.